ಹೊಲಿಗೆ ಯಂತ್ರ ನಿಂತಾಗ ಕೇಳಿದ ಸದ್ದು

“ಈ ಸೀಟಿ ಎಲ್ಲಿಂದ ಬರ್ತಿದೆ?”

ಕರೆಂಟು ಹೋಗಿ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಲೇ ನಿಂತಾಗ ಬಾಣಂತಿ ಯಾರನ್ನೂ ನೋಡದೆ ಕೇಳಿದಳು. ದರ್ಜಿಯ ಮನೆ, ಹೊಲಿಯುವುದು, ಮಲಗುವುದು ಒಂದೇ ಕೋಣೆಯಲ್ಲಿ. ಹುಟ್ಟಿ ಎರಡು ವಾರದ ಕೂಸಿಗೆ ಯಂತ್ರದ ಸದ್ದೇ ಜೋಗುಳ. ಹೊಲಿಯಲು ಬಟ್ಟೆ ಇಲ್ಲದಾಗಲೂ ಅಜ್ಜಿ ಅದನ್ನು ಬರಿದೇ ಓಡಿಸಿ ಮಲಗಿಸುತ್ತಿದ್ದಳು.

ಈಗ ಆ ಮೌನದಲ್ಲಿ ತೊಟ್ಟಿಲಿನ ಸದ್ದು ಮಾತ್ರ ಕೇಳುತ್ತಿತ್ತು. ಕೂಸು ಉಸಿರೆಳೆದಾಗಲೆಲ್ಲ ಸುಯ್, ಸುಯ್.

“ರಾಗ ಎಳೀತಾನೆ ನನ್ನ ರಾಜ. ತಾತನ ಕಂಠ,” ಎಂದಳು ಅಜ್ಜಿ.

“ಹಾಲು ಕುಡಿಯೋವಾಗ್ಲೂ ಮಧ್ಯ ಮಧ್ಯ ಬಿಟ್ಟು ಏದುಸಿರು ಬಿಡ್ತಾನೆ ಅತ್ತೆ.”

“ಕಫ ಕಣೇ. ಬೆರಳಿಗೆ ಬಟ್ಟೆ ಸುತ್ತಿ ಒಂದ್ಸಲ ತೆಗೆದ್ರೆ ಆಯ್ತು. ಇವನಪ್ಪನ್ನ ಏನು ನೀನು ಸಾಕಿದ್ದಾ?”

“ಬೆರಳು ಹಾಕ್ಬೇಡಿ ಅಜ್ಜಿ.” ಹೊಲಿಯಲು ಕೊಟ್ಟ ಅಂಗಿ ಒಯ್ಯಲು ಬಂದಿದ್ದ ಪಕ್ಕದ ಮನೆಯ ನರ್ಸಮ್ಮ ಬಾಗಿಲಲ್ಲೇ ತಡೆದಳು. ಬಂದು ಕೂಸಿನ ಎದೆ ಬಿಚ್ಚಿ ನೋಡಿದಳು. ಉಸಿರಿಗೊಮ್ಮೆ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಸದಾ ನಗಿಸುವವಳು ನಗಲಿಲ್ಲ.

“ಅಂಗಾತ ಮಲಗಿಸಿದ್ರೆ ಸದ್ದು ಜಾಸ್ತಿ ಆಗ್ತಿದೆ. ಗಂಟಲಲ್ಲಿ ಏನೋ ಅಡ್ಡ ಇರಬಹುದು. ಕೆಲವು ಮಕ್ಕಳಿಗೆ ಹುಟ್ಟುವಾಗ್ಲೇ ನಾಲಿಗೆ ಬುಡದಲ್ಲಿ ನೀರುಗುಳ್ಳೆ ಇರುತ್ತೆ. ದೊಡ್ಡಾಸ್ಪತ್ರೆಗೆ ಹೊರಡಿ.”

“ನಾಳೆ ನೋಡಿದ್ರಾಯ್ತು ಬಿಡು. ಆಸ್ಪತ್ರೆ ಓಡಿಹೋಗುತ್ತಾ?”

“ತುಟಿ ನೋಡಿ ಅಜ್ಜಿ.”

ತುಟಿಯ ಅಂಚು ನೀಲಿಗಟ್ಟಿತ್ತು. ಅಜ್ಜಿ ಬೆರಳಿಗೆ ಸುತ್ತಲು ಹಿಡಿದಿದ್ದ ಬಟ್ಟೆಯ ಚೂರು ನೆಲಕ್ಕೆ ಜಾರಿತು.

ಆಂಬುಲೆನ್ಸಿನಲ್ಲಿ ಎಲ್ಲರ ಕಿವಿ ಕೂಸಿನ ಉಸಿರಿನ ಮೇಲೆ. ಸದ್ದು ಬಂದರೆ ಭಯ. ನಿಂತರೆ ಅದಕ್ಕಿಂತ ಹೆಚ್ಚು ಭಯ. ಕೂಸಿನ ಉಸಿರು ತಡೆದಾಗಲೆಲ್ಲ ಅಜ್ಜಿಯ ಬಾಯಲ್ಲಿ ದೇವರ ಹೆಸರೂ ಅರ್ಧಕ್ಕೇ ನಿಲ್ಲುತ್ತಿತ್ತು.

ಆಸ್ಪತ್ರೆಯಲ್ಲಿ ಗಂಟಲಿಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ನಾಲಿಗೆಯ ಬುಡದಲ್ಲಿ ಚಿಕ್ಕ ದ್ರಾಕ್ಷಿಯಷ್ಟು ಗುಳ್ಳೆ. ಕೂಸು ಅದರ ಪಕ್ಕದ ಸಂದಿಯಿಂದ ಇಷ್ಟು ದಿನ ಉಸಿರಾಡಿತ್ತು.

“ಬೆರಳು ಹಾಕಿದ್ರೆ ಊದಿಕೊಂಡು ದಾರಿ ಪೂರ್ತಿ ಮುಚ್ಚಬಹುದಿತ್ತು,” ಎಂದರು ವೈದ್ಯರು. ಅಜ್ಜಿ ತನ್ನ ಬೆರಳನ್ನೇ ನೋಡುತ್ತ ಕುಳಿತಳು. ಶಸ್ತ್ರಚಿಕಿತ್ಸೆ ಆಯಿತು. ಕೂಸು ಮನೆಗೆ ಬಂತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಎಳೆಗೂಸಿದ್ದರೆ ಒಮ್ಮೆ ಎಲ್ಲ ಸದ್ದು ನಿಲ್ಲಿಸಿ ಅದರ ಉಸಿರು ಕೇಳಿ. ಸೀಟಿಯಂಥ ಸದ್ದು ಬಂದರೆ, ಎದೆ ಗುಳಿ ಬಿದ್ದರೆ, ಹಾಲು ಕುಡಿಯಲು ಕಷ್ಟಪಟ್ಟರೆ ಅಂದೇ ವೈದ್ಯರಿಗೆ ತೋರಿಸಿ. ತುಟಿ ನೀಲಿಯಾದರೆ ಗಳಿಗೆಯೂ ಕಾಯಬೇಡಿ. ಬೆರಳು, ಎಣ್ಣೆ ಏನನ್ನೂ ಗಂಟಲಿಗೆ ಹಾಕಬೇಡಿ. ಎಲ್ಲ ಸದ್ದೂ ಗುಳ್ಳೆಯದಲ್ಲ, ನಿಜ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ನಾವಲ್ಲ.

ಮೊನ್ನೆ ಆ ಮನೆಯಲ್ಲಿ ಕೂಸು ನಿದ್ದೆ ಬಾರದೆ ರಚ್ಚೆ ಹಿಡಿದಿತ್ತು.

“ಅಮ್ಮ, ಸ್ವಲ್ಪ ಹೊತ್ತು ಮಿಷನ್ ಓಡಿಸು. ಮಲಗ್ತಾನೆ,” ಎಂದ ಕೂಸಿನಪ್ಪ.

ಅಜ್ಜಿ ಸ್ವಿಚ್ಚಿಗೆ ಕೈ ಅಡ್ಡ ಇಟ್ಟಳು.

“ಓಡಿಸಲ್ಲ. ಅಳ್ಲಿ. ನನಗೆ ಕೇಳಿಸ್ಬೇಕು.”