ಕರೆಂಟ್ ಬಿಲ್ ಇಳಿದ ಮನೆ

ಕರೆಂಟ್ ಬಿಲ್ ಜಾಸ್ತಿ ಬಂದಿದೆ ಎಂದು ಕರೆಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರೇ ನನ್ನ ಅನ್ನದಾತರು. ಆದರೆ ಬಿಲ್ ಕಡಿಮೆ ಬಂದಿದೆ, ಯಾಕೆ ಅಂತ ಬಂದು ನೋಡಿ ಎಂದು ಕರೆದವನು ಆ ದರ್ಜಿ ಒಬ್ಬನೇ. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಫೋನ್ ಇಟ್ಟುಬಿಟ್ಟೆ. ಮತ್ತೆ ಕರೆ ಬಂತು. ಅದೇ ದನಿ, ಅದೇ ಮಾತು. ಹೊಸ ಮೀಟರ್ ಹಾಕಿದ ಮೇಲಿಂದ ಬಿಲ್ ಇಳಿದಿದೆಯಂತೆ, ಮೀಟರ್ ಕೆಟ್ಟಿದೆಯೋ ಏನೋ ಪರೀಕ್ಷೆ ಮಾಡಿ ಹೇಳಬೇಕಂತೆ. ಇಂಥ ಸತ್ಯಸಂಧನನ್ನು ಒಮ್ಮೆ ಕಣ್ಣಾರೆ ನೋಡೋಣ ಎಂದು ಒಪ್ಪಿಕೊಂಡೆ.

ನಾನು ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಲೈಸೆನ್ಸ್ ನನ್ನದೇ ಹೆಸರಿನಲ್ಲಿದೆ. ಆದರೂ ಬಾಗಿಲು ತೆರೆದವರು ನನ್ನ ಬೆನ್ನ ಹಿಂದೆ ಒಬ್ಬ ಗಂಡಸು ಬರುತ್ತಿದ್ದಾನೆಯೇ ಎಂದು ಇಣುಕಿ ನೋಡುವುದು ನಿಂತಿಲ್ಲ. ನಮ್ಮ ಬೀದಿಯಲ್ಲಿ ನನಗೆ ಕರೆಂಟಮ್ಮ ಎಂದು ಹೆಸರು. ಹೊಸ ಮನೆಗಳ ವೈರಿಂಗ್ ಎಲ್ಲ ದೊಡ್ಡ ಕಂಪನಿಗಳ ಪಾಲಾದ ಮೇಲೆ ನನ್ನ ಪಾಲಿಗೆ ಉಳಿದದ್ದು ಸುಟ್ಟ ಹೋಲ್ಡರು, ಸಡಿಲಾದ ಸ್ವಿಚ್ಚು. ಮನೆಮನೆಗೆ ಹೋಗಿ ಕರೆಂಟ್ ಎಲ್ಲಿ ಪೋಲಾಗುತ್ತಿದೆ ಎಂದು ತಪಾಸಣೆ ಮಾಡಿಕೊಡುವುದೂ ಈಗ ಒಂದು ದಂಧೆ, ಆ ನೆಪದಲ್ಲಿ ಒಳಗೆ ಕಾಲಿಟ್ಟರೆ ರಿಪೇರಿ ಕೆಲಸ ತಾನಾಗಿ ಸಿಗುತ್ತದೆ ಎಂದು ಯಾರೋ ಹೇಳಿದರು. ತರಬೇತಿಗೆ ಹೋದೆ. ಟೈ ಕಟ್ಟಿದವನೊಬ್ಬ ನಮಗೆಲ್ಲ ಇದೊಂದು ಸುವರ್ಣಾವಕಾಶ ಎಂದ. ಅವಕಾಶವೇನೋ ನಿಜ, ಸುವರ್ಣ ಮಾತ್ರ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೆಲಸ ಸುಲಭ. ಮನೆಯಲ್ಲಿರುವುದನ್ನೆಲ್ಲ ಆರಿಸಲು ಹೇಳಿ, ಮೀಟರ್ ಮುಂದೆ ನಿಲ್ಲಬೇಕು. ಕರೆಂಟ್ ಖರ್ಚಾಗುತ್ತಿದ್ದರೆ ಮೀಟರಿನ ಕೆಂಪು ಚುಕ್ಕಿ ಮಿಟುಕುತ್ತಿರುತ್ತದೆ. ಎಲ್ಲ ಆರಿಸಿದ್ದೇವೆ ಎಂದು ಮನೆಯವರು ಆಣೆ ಮಾಡುತ್ತಾರೆ, ಚುಕ್ಕಿ ಮಿಟುಕುತ್ತಲೇ ಇರುತ್ತದೆ. ಆಮೇಲೆ ಹುಡುಕಾಟ ಶುರು. ಯಾರೂ ನೋಡದ ಟಿವಿ, ಯಾರೋ ಮರೆತ ಗೀಸರು. ಒಂದು ಮನೆಯಲ್ಲಿ ಗಂಡ ಹೆಂಡತಿಗೆ ಬೇರೆ ಬೇರೆ ಫ್ರಿಜ್ ಇತ್ತು, ಎರಡೂ ಅರ್ಧ ಖಾಲಿ. ನಾನು ಬಾಯಿ ಹೊಲಿದುಕೊಂಡು ಅಳತೆ ಬರೆದುಕೊಂಡು ಬರುತ್ತೇನೆ. ಬೇರೆಯವರ ಸಂಸಾರದಲ್ಲಿ ಮೂಗು ತೂರಿಸಲು ನನಗೆ ಫೀಸು ಕೊಡುವುದಿಲ್ಲ.

ನನ್ನ ಸ್ವಂತ ಮನೆಯ ತಪಾಸಣೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಒಂದು ದೀಪ, ಒಂದು ಫ್ಯಾನು, ಒಬ್ಬಳು ನಾನು. ಮದುವೆಯೂ ಆಗಿತ್ತು. ಅದು ಮೊದಲಿನಿಂದಲೂ ಲೂಸ್ ಕನೆಕ್ಷನ್.

ದರ್ಜಿಯ ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗೋಡೆಗೆ ತೂಗುಹಾಕಿದ ತೋಳಿಲ್ಲದ ಕೋಟು. ಆತನಿಗೆ ಅರವತ್ತರ ಆಸುಪಾಸು. ಕೊರಳಲ್ಲಿ ಅಳತೆಯ ಟೇಪು. ಒಳಗೆ ಒಂದು ಮಂಚ, ಒಬ್ಬರಿಗೆ ಸಾಕಾಗುವ ಅಡುಗೆಮನೆ. ಮನೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಆಮೇಲೆ ನೆಲ ನೋಡಿದೆ. ನೆಲದ ಹಂಚಿನಲ್ಲಿ ಹೂವಿನ ಚಿತ್ತಾರವಿತ್ತು. ಒಳಗಿನ ಗೋಡೆಯ ಬುಡದಲ್ಲಿ ಅರ್ಧ ಹೂವಿಗೇ ಅದು ನಿಂತುಹೋಗಿತ್ತು. ಆ ಗೋಡೆ ಮನೆಯ ಜೊತೆಗೆ ಹುಟ್ಟಿದ್ದಲ್ಲ, ಆಮೇಲೆ ನಡುವೆ ಬಂದದ್ದು.

ಎಲ್ಲವನ್ನೂ ಆರಿಸಲು ಹೇಳಿ ಮೀಟರ್ ನೋಡಿದೆ. ಚುಕ್ಕಿ ಮಿಟುಕಲಿಲ್ಲ. ಇಸ್ತ್ರಿ ಪೆಟ್ಟಿಗೆ ಹಾಕಿಸಿದೆ, ಚಟಪಟ ಮಿಟುಕಿತು. ನನ್ನ ಅಳತೆ ಯಂತ್ರದ ಲೆಕ್ಕಕ್ಕೂ ಮೀಟರಿನ ಲೆಕ್ಕಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೀಟರ್ ಗಟ್ಟಿಮುಟ್ಟಾಗಿದೆ, ನಿಶ್ಚಿಂತೆಯಿಂದಿರಿ ಎಂದೆ.

ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಆತನ ಮುಖ ಬಾಡಿತು.

"ಇನ್ನೊಂದ್ಸಲ ನೋಡಿ ಮೇಡಂ," ಎಂದ. "ಮೀಟರೇ ಕೆಟ್ಟಿರಬೇಕು. ಮೊದಲು ಎಲ್ಲಾ ಆರಿಸಿದ್ರೂ ಸಂಜೆ ಹೊತ್ತು ಮಿಟುಕ್ತಿತ್ತು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದೇ ಸಿಟ್ಟಿನಲ್ಲಿ ಬೋರ್ಡ್ ಬಿಚ್ಚಿದೆ. ಅಂಗಡಿಗೊಂದು, ಅಡುಗೆಮನೆಗೊಂದು ಎಂದು ಒಂದೊಂದೇ ತಂತಿ ಹಿಡಿದು ನೋಡುತ್ತ ಹೋದೆ. ಒಂದು ಜೋಡಿ ತಂತಿ ಮಾತ್ರ ಈ ಮನೆಯ ಯಾವ ದೀಪಕ್ಕೂ ಹೋಗದೆ, ಕೊಳವೆಯೊಳಗಿಂದ ನೇರವಾಗಿ ಆ ನಡುಗೋಡೆಯೊಳಕ್ಕೆ ಹೊಕ್ಕಿತ್ತು. ಇದು ಎಲ್ಲಿಗೆ ಎಂದು ಕೇಳಿದೆ. ಆತ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಕೊನೆಗೆ ಬಾಯಿಬಿಟ್ಟ.

ಗೋಡೆಯ ಆಚೆ ಇರುವುದು ಆತನ ಅಕ್ಕ. ಮನೆ ಅಮ್ಮನದು. ಅಮ್ಮ ಹಾಸಿಗೆ ಹಿಡಿದಾಗ ಅಕ್ಕ ನೋಡಿಕೊಂಡಳು, ಈತ ಬೇರೆ ಕಡೆ ಅಂಗಡಿ ಇಟ್ಟುಕೊಂಡು ಅಪರೂಪಕ್ಕೊಮ್ಮೆ ಬಂದು ಹೋಗುತ್ತಿದ್ದ. ಅಮ್ಮ ಹೋದ ಮೇಲೆ ಬಂದು ತನ್ನ ಪಾಲು ಕೇಳಿದ. ತಗೋ ಎಂದಳಂತೆ ಅಕ್ಕ. ಅದೇ ಕೊನೆಯ ಮಾತು. ಗೋಡೆ ಎದ್ದಿತು. ಈತನ ಬಾಗಿಲು ಮುಂದಿನ ಬೀದಿಗೆ, ಅವಳದು ಹಿಂದಿನ ಓಣಿಗೆ. ಇಬ್ಬರಿಗೂ ಬೇರೆ ಬೇರೆ ಮೀಟರ್ ಬಂತು. ಆದರೆ ವೈರಿಂಗ್ ಬೇರೆ ಮಾಡಲು ಬಂದವನು ಕಣ್ಣು ಮುಚ್ಚಿ ಕೆಲಸ ಮಾಡಿದ್ದ. ಅಮ್ಮನ ಕೋಣೆ ಅಕ್ಕನ ಪಾಲಿಗೆ ಹೋಯಿತು, ಅದರ ತಂತಿ ತಮ್ಮನ ಬೋರ್ಡಿನಲ್ಲೇ ಉಳಿಯಿತು. ಮೊದಲ ಬಿಲ್ ಬಂದಾಗಲೇ ಈತನಿಗೆ ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ. ತಾನು ಅಕ್ಕನಿಗೆ ಕೊಡಬಹುದಾದದ್ದು, ಅವಳು ಬೇಡ ಅನ್ನದೆ ತೆಗೆದುಕೊಳ್ಳುತ್ತಿದ್ದದ್ದು ಅದೊಂದೇ ಆಗಿತ್ತು.

"ಅಮ್ಮನ ಕೋಣೇಲೇ ಅವಳು ಮಲಗೋದು," ಎಂದ. "ದೀಪ ಹಾಕಿದ್ರೆ ಇಲ್ಲಿ ಮೆಲ್ಲಗೆ ಮಿಟುಕೋದು. ಫ್ಯಾನ್ ಹಾಕಿದ್ರೆ ಸ್ವಲ್ಪ ಬೇಗ. ನಾನು ಎಲ್ಲಾ ಆರಿಸಿ ನೋಡ್ತಾ ಕೂತ್ಕೋತಿದ್ದೆ. ಇದಾಳೆ ಅಂತ ಗೊತ್ತಾಗ್ತಿತ್ತು."

ಈಗ ಮಿಟುಕುತ್ತಿಲ್ಲ. ಮೀಟರ್ ಕೆಟ್ಟಿದ್ದರೆ ಅಕ್ಕ ಇದ್ದಾಳೆ. ಮೀಟರ್ ಸರಿಯಿದ್ದರೆ? ಈತ ನನ್ನನ್ನು ಕರೆಸಿದ್ದು ಅದಕ್ಕೆ. ಆಚೆ ಯಾರೋ ಓಡಾಡುವ ಸದ್ದು ಆಗಾಗ ಕೇಳುತ್ತಿತ್ತಂತೆ, ಅಕ್ಕನೋ ಬಾಡಿಗೆಗೆ ಬಂದವರೋ ತಿಳಿಯುತ್ತಿರಲಿಲ್ಲವಂತೆ. ಓಣಿಯವರನ್ನು ಕೇಳಬಾರದಿತ್ತೇ ಎಂದೆ.

"ನಮ್ಮಕ್ಕ ಇದಾಳಾ ಇಲ್ವಾ ಅಂತ ಪಕ್ಕದ ಮನೆಯೋರನ್ನ ಹೇಗೆ ಕೇಳ್ಲಿ ಮೇಡಂ?"

ಚೀಲ ಹೆಗಲಿಗೇರಿಸಿ, ಬೀದಿ ಬಳಸಿ ಹಿಂದಿನ ಓಣಿಗೆ ಹೋದೆ. ಮೂಲೆ ತಿರುಗುವಾಗ ನನ್ನ ಹೆಜ್ಜೆ ತಾನಾಗಿ ಜೋರಾಯಿತು. ನನಗೇನಾಗಬೇಕಿತ್ತು ಅವಳು? ಏನೂ ಅಲ್ಲ.

ಬಾಗಿಲು ತಟ್ಟಿದೆ. ತೆರೆದಾಕೆಗೆ ತಮ್ಮನದೇ ಮೂಗು, ತಮ್ಮನದೇ ಹಣೆ. ನನಗೆ ಹೋದ ಜೀವ ಬಂದಂತಾಯಿತು. ಮನೆಯ ಕರೆಂಟ್ ತಪಾಸಣೆ, ಈ ಬಡಾವಣೆಯಲ್ಲಿ ಮೊದಲ ಸಲ ಪುಕ್ಕಟೆ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಪುಕ್ಕಟೆ ಎಂದರೆ ಒಳಗೆ ಬಿಡದವರನ್ನು ನಾನಿನ್ನೂ ನೋಡಿಲ್ಲ. ಆಕೆ ಮಾತ್ರ ಲೈಸೆನ್ಸ್ ತೋರಿಸು ಎಂದಳು, ಓದಿದಳು, ಆಮೇಲೆ ದಾರಿ ಬಿಟ್ಟಳು. ಟೆಲಿಫೋನ್ ಆಪರೇಟರ್ ಆಗಿದ್ದಳಂತೆ. ಒಂದೊಂದು ಅಕ್ಷರವನ್ನೂ ಬಿಡಿಸಿ ಮಾತಾಡುತ್ತಿದ್ದಳು.

ನೆಲದಲ್ಲಿ ಉಳಿದರ್ಧ ಹೂವು ಇತ್ತು. ನಡುಮನೆಯ ಮೂಲೆಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು. ಪಕ್ಕದ ಕೋಣೆಯ ಬಾಗಿಲು ಮುಚ್ಚಿತ್ತು, ಹೊಸಿಲ ಹತ್ತಿರ ಒಂದು ಟಾರ್ಚ್. ನಾನು ಆ ಬಾಗಿಲಿಗೆ ಕೈ ಹಾಕಿದೆ.

"ಅಲ್ಲಿ ಬೇಡಮ್ಮ. ಅಲ್ಲಿನ ಸ್ವಿಚ್ ಮುಟ್ಟಬೇಡ."

ನಾನು ಸುಳ್ಳು ಹೇಳುವುದರಲ್ಲಿ ಗಟ್ಟಿಗಳಲ್ಲ. ಆಚೆ ಮನೆಯಿಂದ ಬಂದಿದ್ದೇನೆ ಎಂದು ಒಪ್ಪಿಕೊಂಡೆ. ಆಕೆ ಹೊರಗೆ ಹಾಕಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ತಮ್ಮನ ಮೀಟರ್ ಬದಲಾಯಿಸಲು ಜನ ಬಂದ ದಿನ ಆಕೆಯ ಮನೆಯಲ್ಲೆಲ್ಲ ಕರೆಂಟ್ ಇತ್ತಂತೆ, ಅಮ್ಮನ ಕೋಣೆಯಲ್ಲಿ ಮಾತ್ರ ಹೋಯಿತಂತೆ. ಅವರು ಕೆಲಸ ಮುಗಿಸಿದಾಗ ತಾನಾಗಿ ಬಂತಂತೆ. ಆ ಕೋಣೆಯ ಖರ್ಚು ತಮ್ಮನ ಬಿಲ್ಲಿಗೆ ಬೀಳುತ್ತಿದೆ ಎಂದು ಹೊಳೆದು ಅವತ್ತಿನಿಂದ ಆಕೆ ಅಲ್ಲಿ ದೀಪ ಹಾಕಿಲ್ಲ, ನಡುಮನೆಯಲ್ಲೇ ಮಲಗುತ್ತಿದ್ದಾಳೆ. ಯಾರನ್ನಾದರೂ ಕರೆಸಿ ಸರಿ ಮಾಡಿಸಬಹುದಿತ್ತಲ್ಲ ಎಂದೆ.

"ಕರೆಸಿದ್ರೆ ಅವನ ಕಡೆಯ ತಂತಿ ಕತ್ತರಿಸ್ತಾರೆ," ಎಂದಳು. ಮುಚ್ಚಿದ ಬಾಗಿಲ ಕಡೆ ತಿರುಗಿ, "ಅವನಿಗೆ ಗೊತ್ತಿಲ್ಲ, ಅಲ್ವಾ?" ಎಂದು ಕೇಳಿದಳು.

"ಗೊತ್ತು. ಮೊದಲ ತಿಂಗಳಿಂದ್ಲೂ ಗೊತ್ತು."

ಆಕೆ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಪಾತ್ರೆಯ ಸದ್ದು ಒಂದೂ ಕೇಳಲಿಲ್ಲ.

ಇಲ್ಲಿಗೆ ನಾನು ಕೈತೊಳೆದುಕೊಂಡು ಹೊರಡಬಹುದಿತ್ತು. ಆಗಲಿಲ್ಲ. ಒಂದು ಮನೆಯ ಕೋಣೆಗೆ ಇನ್ನೊಂದು ಮನೆಯ ಕರೆಂಟ್ ಎಂದರೆ ಜೀವದ ಜೊತೆ ಆಟ. ನಾಳೆ ಯಾರೋ ಆಕೆಯ ಮೇನ್ ಸ್ವಿಚ್ ಆರಿಸಿ, ಎಲ್ಲ ಸತ್ತಿದೆ ಎಂದು ನಂಬಿ ಆ ಕೋಣೆಯ ತಂತಿಗೆ ಕೈ ಹಾಕಿದರೆ ಅವರೇ ಸಾಯುತ್ತಾರೆ. ಅಕ್ಕತಮ್ಮಂದಿರ ಅಂತಃಕರಣ ಕರೆಂಟಿಗೆ ಅರ್ಥವಾಗುವುದಿಲ್ಲ. ಕತ್ತರಿಸಲೇಬೇಕು, ಆ ಕೋಣೆಗೆ ಅಕ್ಕನ ಬೋರ್ಡಿನಿಂದಲೇ ಹೊಸ ತಂತಿ ಎಳೆಯಬೇಕು ಎಂದು ಇಬ್ಬರಿಗೂ ಖಡಾಖಂಡಿತವಾಗಿ ಹೇಳಿದೆ. ಅಕ್ಕ ಇದ್ದಾಳೆ, ಚೆನ್ನಾಗಿದ್ದಾಳೆ ಎಂದು ಕೇಳಿದಾಗ ದರ್ಜಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಕತ್ತರಿಸಬೇಕು ಎಂದಾಗ ತಲೆಯೆತ್ತಿದ.

"ಆಮೇಲೆ ಅವಳು ದೀಪ ಹಾಕಿದ್ದು ನನಗೆ ಗೊತ್ತಾಗಲ್ಲ ಮೇಡಂ."

ಬೆಳಿಗ್ಗೆ ಬರುತ್ತೇನೆ ಎಂದು ಚೀಲ ಎತ್ತಿಕೊಂಡೆ.

ಮರುದಿನ ಬೆಳಿಗ್ಗೆ ಹೋಗಿ ಅಕ್ಕನ ಕಡೆ ಹೊಸ ತಂತಿ ಎಳೆದು ಮುಗಿಸಿದೆ. ಅಮ್ಮನ ಕೋಣೆಯ ಗೋಡೆಯಲ್ಲಿ ಹಳೆಯ ಕೊಳವೆ ಬಂದು ಸೇರುವ ಡಬ್ಬಿಯಿತ್ತು. ಅದನ್ನು ಬಿಚ್ಚಿ, ಸುತ್ತಲಿನ ಗಾರೆ ಕಿತ್ತಾಗ ಆಚೆಯ ಬೆಳಕು ಕಾಣುವಂಥ ತೂತಾಯಿತು. ದರ್ಜಿಯ ಮೀಟರೂ ಬೋರ್ಡೂ ಅದರ ಪಕ್ಕಕ್ಕೇ. ಇನ್ನು ಉಳಿದದ್ದು ಹಳೆಯದನ್ನು ಕತ್ತರಿಸಿ ಹೊಸದನ್ನು ಸೇರಿಸುವ ಕೆಲಸ.

ಈ ಕೆಲಸದಲ್ಲಿ ನನ್ನದೊಂದು ಕಟ್ಟುನಿಟ್ಟು ಇದೆ. ತಂತಿ ಮುಟ್ಟುವ ಮೊದಲು ಮೇನ್ ಹತ್ತಿರ ನಿಂತವರು ಬಾಯಿಬಿಟ್ಟು ಕೂಗಿ ಹೇಳಬೇಕು. ಸನ್ನೆ ನಡೆಯದು, ತಲೆಯಾಡಿಸುವುದು ನಡೆಯದು. ಎರಡು ಮೇನ್ ಇದ್ದರೆ ಇಬ್ಬರೂ ಒಬ್ಬರಿಗೊಬ್ಬರು ಕೇಳಿಸುವ ಹಾಗೆ ಹೇಳಬೇಕು, ಇಲ್ಲದಿದ್ದರೆ ಒಬ್ಬರು ತಿಳಿಯದೆ ಹಾಕಿಬಿಡುತ್ತಾರೆ. ಇದನ್ನು ತೂತಿನ ಮೂಲಕ ತಮ್ಮನಿಗೂ, ಪಕ್ಕದಲ್ಲಿ ನಿಂತ ಅಕ್ಕನಿಗೂ ಹೇಳಿದೆ.

ಈಚೆ ಅಕ್ಕ ಸೆರಗು ಸರಿಮಾಡಿಕೊಂಡಳು. ನೀವೇ ಹೇಳಿಬಿಡಿ ಮೇಡಂ ಎಂದು ದರ್ಜಿ ಪಿಸುಗುಟ್ಟಿದ.

"ತಂತಿ ಮೇಲಿರೋದು ನನ್ನ ಕೈ," ಎಂದೆ. "ಹೇಳೋದಾದ್ರೆ ಹೇಳಿ, ಇಲ್ಲ ನಾನು ಹೊರಟೆ."

ಅಕ್ಕ ತನ್ನ ಮೇನ್ ಹತ್ತಿರ ಹೋಗಿ ನಿಂತಳು. ಕೊನೆಗೆ ತೂತಿನಿಂದ ಒಡೆದ ದನಿಯೊಂದು ಬಂತು.

"ಅಕ್ಕಾ. ಆಫ್ ಮಾಡಿದೀನಿ."

ಕರೆ ಜೋಡಿಸಿ ಅಭ್ಯಾಸವಿದ್ದ ಆ ಹೆಂಗಸು ಅಂದು ಉತ್ತರಿಸಲು ತಡಮಾಡಿದಳು.

"ನಾನೂ ಮಾಡಿದೆ ಕಣೋ."

ಟೆಸ್ಟರ್ ಹಿಡಿದು ನೋಡಿ, ಎರಡೂ ತಂತಿ ಕತ್ತರಿಸಿದೆ. ಹಳೆಯದು ಕೊಳವೆಯಿಂದ ಸಲೀಸಾಗಿ ಕೈಗೆ ಬಂತು. ಹೊಸದನ್ನು ಸೇರಿಸಿ, ಇನ್ನು ಹಾಕಬಹುದು ಎಂದೆ. ಹಾಕ್ಲಾ ಅಕ್ಕ ಎಂದು ಆತ ಕೇಳಿದ, ಹಾಕು ಎಂದು ಹೇಳಿ ಆಕೆ ತನ್ನ ಮೇನನ್ನೂ ಹಾಕಿದಳು. ದರ್ಜಿ ಅಲ್ಲೇ ಮೀಟರ್ ಮುಂದೆ ನಿಂತಿರುವುದು ತೂತಿನಿಂದ ನನಗೆ ಕಾಣುತ್ತಿತ್ತು. ಅಕ್ಕ ಅಮ್ಮನ ಕೋಣೆಗೆ ಬಂದು ಸ್ವಿಚ್ ಒತ್ತಿದಳು. ದೀಪ ಹತ್ತಿತು. ಆತನ ಮೀಟರಿನ ಚುಕ್ಕಿ ಮಾತ್ರ ಮಿಟುಕಲಿಲ್ಲ. ಆತ ಅದನ್ನೇ ನೋಡುತ್ತ ನಿಂತ. ಹಿಂದಿನ ದಿನ ಆತ ಆಡಿದ ಮಾತನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ. ಆದರೂ ಆಕೆ ಬಗ್ಗಿ ತೂತಿಗೆ ಬಾಯಿಟ್ಟಳು.

"ದೀಪ ಹಾಕಿದೀನಿ ಕಣೋ."

"ಹೂಂ ಅಕ್ಕ."

ಅಷ್ಟೇ. ಇನ್ನೂ ಏನಾದರೂ ಆಡುತ್ತಾರೆ ಎಂದು ನಾನು ಕಾದೆ. ಆಕೆ ಹಾಸಿಗೆ ತಂದು ಕೋಣೆಯಲ್ಲಿ ಹಾಸತೊಡಗಿದಳು, ಆಚೆ ಹೊಲಿಗೆ ಯಂತ್ರ ಶುರುವಾಯಿತು. ತೂತು ಮುಚ್ಚಬೇಕಲ್ಲ ಎಂದು ಅಕ್ಕ ಕೇಳಿದಾಗ ಸಿಮೆಂಟ್ ತರಲು ಮರೆತೆ, ಇನ್ನೊಮ್ಮೆ ಬರುತ್ತೇನೆ ಎಂದೆ. ಸಿಮೆಂಟ್ ಚೀಲದಲ್ಲೇ ಇತ್ತು. ಆಕೆ ಚೀಲವನ್ನೂ ನೋಡಿದಳು, ನನ್ನನ್ನೂ ನೋಡಿದಳು. ನಿಧಾನವಾಗಿ ಬಾ, ಅವಸರವಿಲ್ಲ ಎಂದಳು. ನಾನಿನ್ನೂ ಹೋಗಿಲ್ಲ. ದಿನಾ ಸಂಜೆ ಆಕೆ ಒಂದೇ ಒಂದು ಮಾತು ಹೇಳುತ್ತಾಳಂತೆ, ಈತ ಹೂಂ ಅನ್ನುತ್ತಾನಂತೆ. ಬ್ಲೌಸ್ ಹೊಲಿಸಲು ಹೋದಾಗ ದರ್ಜಿಯೇ ಹೇಳಿದ. ಅದಕ್ಕಿಂತ ಮುಂದೆ ಹೋಗಿಲ್ಲ, ಇಬ್ಬರೂ ಇನ್ನೂ ಮುಖ ನೋಡಿಲ್ಲ.

ಬ್ಲೌಸಿಗೆ ಬಟ್ಟೆ ಕೊಟ್ಟ ಆ ದಿನ ಅಲ್ಲಿಂದ ಮನೆಗೆ ಬರುವಾಗ ಕತ್ತಲಾಗುತ್ತಿತ್ತು. ಚಪ್ಪಲಿ ಬಿಟ್ಟು, ಚೀಲ ಇಳಿಸಿ, ದಿನದಂತೆ ಸ್ವಿಚ್ ಒತ್ತಿದೆ. ಯಾಕೋ ಬಾಯಿಗೆ ಬಂತು, ದೀಪ ಹಾಕಿದೀನಿ ಎಂದು ಗಟ್ಟಿಯಾಗಿ ಹೇಳಿದೆ. ಹೇಳಿದ ಮೇಲೆ ಗೋಡೆಯ ಕಡೆ ಕಿವಿಗೊಟ್ಟೆ. ಪಕ್ಕದ ಮನೆ ಖಾಲಿಯಿದೆ, ಬಾಡಿಗೆಗೆ ಇನ್ನೂ ಯಾರೂ ಬಂದಿಲ್ಲ.