ಮೂರು ಸಲ ತಟ್ಟಿದಾಗ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸಂಸ್ಥೆಯವರು ಬೆನ್ನ ಹಿಂದೆ ಸಿಡುಕಣ್ಣ ಅನ್ನುತ್ತಾರೆ. ಅನ್ನಲಿ ಬಿಡಿ. ಹನ್ನೆರಡು ವರ್ಷದಿಂದ ಮಕ್ಕಳ ಆಂಬುಲೆನ್ಸ್ ಓಡಿಸುತ್ತಿದ್ದೇನೆ, ದಾರಿ ಬಿಡದ ಕಾರಿನವರಿಗೆ ಬೈದು ಬೈದು ನಾಲಿಗೆ ಹೀಗಾಗಿದೆ. ಜನರ ದೇಣಿಗೆಯಿಂದ ನಮ್ಮ ಸಂಸ್ಥೆ ನಡೆಸುವ ಗಾಡಿ ಅದು, ಯಾರಿಂದಲೂ ಬಾಡಿಗೆ ತೆಗೆದುಕೊಳ್ಳುವುದಿಲ್ಲ.

ಗಾಡಿಯಲ್ಲಿ ಹಿಂದೆ ಮಗು ಮತ್ತು ನರ್ಸಕ್ಕ. ಮುಂದೆ ನಾನು, ನನ್ನ ಪಕ್ಕದಲ್ಲಿ ಮಗುವಿನ ತಾಯಿಯೋ ತಂದೆಯೋ. ನಡುವೆ ತಗಡಿನ ಗೋಡೆ. ನರ್ಸಕ್ಕ ಬಾಯಿಬಿಟ್ಟು ಹೇಳಿದರೆ ಹೆತ್ತವರಿಗೂ ಕೇಳುತ್ತದಲ್ಲ, ಅದಕ್ಕೇ ಗೋಡೆ ತಟ್ಟುತ್ತಾರೆ. ಒಂದು ಸಲ ತಟ್ಟಿದರೆ ನಿಧಾನ. ಎರಡು ಸಲ ತಟ್ಟಿದರೆ ಇನ್ನೂ ಬೇಗ. ಮೂರು ಸಲ ತಟ್ಟಿದರೆ ಇನ್ನು ಅವಸರವಿಲ್ಲ, ಸೈರನ್ ನಿಲ್ಲಿಸು. ಹೆತ್ತವರಿಗೆ ಇದರ ಅರ್ಥ ಹೇಳುವುದಿಲ್ಲ.

ಒಂದು ದಿನ, ಬಟ್ಟೆ ಹೊಲಿದು ಬದುಕುವ ಟೈಲರಮ್ಮನ ಮಗಳನ್ನು ಕರೆದೊಯ್ಯುತ್ತಿದ್ದೆವು. ಮಗುವಿಗೆ ನಾಲ್ಕು ವರ್ಷ. ಎರಡು ದಿನ ಜ್ವರ, ಮೂರನೆಯ ಬೆಳಿಗ್ಗೆ ಉಸಿರಾಡಲೇ ಆಗುತ್ತಿರಲಿಲ್ಲ. ತಾಯಿ ನನ್ನ ಪಕ್ಕ ಕೂತು, ಗೋಡೆಯ ಕಡೆ ತಿರುಗಿ ಮಾತಾಡುತ್ತಲೇ ಇದ್ದಳು. “ಪುಟ್ಟೀ, ಮಾರ್ಕೆಟ್ ದಾಟಿದ್ವಿ. ಪುಟ್ಟೀ, ಸೇತುವೆ ಬಂತು ನೋಡು.” ಆಗ ಹಿಂದಿನಿಂದ ಮೂರು ಸಲ ತಟ್ಟಿದ ಸದ್ದು ಕೇಳಿತು.

ಸೈರನ್ ನಿಲ್ಲಿಸಲು ನನ್ನ ಕೈ ಹೋಯಿತು. “ಇನ್ನೆರಡೇ ತಿರುವು ಕಂದಾ, ನಿದ್ದೆ ಮಾಡ್ಬೇಡ” ಅಂದಳು ತಾಯಿ. ಕೈ ವಾಪಸ್ ಬಂತು. ಆಸ್ಪತ್ರೆವರೆಗೂ ಅದೇ ಸೈರನ್, ಅದೇ ವೇಗ. ಆಮೇಲೆ ನರ್ಸಕ್ಕ ಚೆನ್ನಾಗಿ ಉಗಿದರು: “ದಾರೀಲಿ ಯಾರಿಗಾದ್ರೂ ಗುದ್ದಿದ್ರೆ ಏನ್ ಮಾಡ್ತಿದ್ಯೋ ಮಹಾರಾಯ?” ಎದುರುತ್ತರ ಕೊಡದೆ ಇರುವವನಲ್ಲ ನಾನು. ಅವತ್ತು ಬಕೆಟ್ ಹಿಡಿದು ಗಾಡಿ ತೊಳೆಯಲು ಹೋದೆ.

ಮೂರು ತಿಂಗಳಾದ ಮೇಲೆ ಟೈಲರಮ್ಮ ಸಂಸ್ಥೆಗೆ ಬಂದಳು, ಕಂಕುಳಲ್ಲಿ ಪುಟ್ಟ ಪುಟ್ಟ ಹೊದಿಕೆಗಳ ಗಂಟು. “ನಿಮ್ಮ ಹೊದಿಕೆ ಎಷ್ಟು ಒರಟು! ಮಕ್ಕಳ ಮೈಗೆ ಇದು ಹೊದಿಸಿ” ಅಂದಳು. ಅಂದಿನಿಂದ ವಾರವೆಲ್ಲ ನಮಗಾಗಿ ಹೊಲಿದಳು, ಭಾನುವಾರ ದೇಣಿಗೆ ಡಬ್ಬಿ ಹಿಡಿದು ಬೀದಿಯಲ್ಲಿ ನಿಂತಳು. ಕಂಡವರಿಗೆಲ್ಲ ಒಂದೇ ಮಾತು: “ನಮ್ಮಣ್ಣ ಕೊನೇವರೆಗೂ ವೇಗ ತಗ್ಗಿಸ್ಲಿಲ್ಲ. ಆಸ್ಪತ್ರೆ ಬಾಗಿಲವರೆಗೂ ನನ್ನ ಪುಟ್ಟಿ ನನ್ನ ಮಾತು ಕೇಳಿಸ್ಕೊಂಡೇ ಬಂದ್ಲು.” ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಬದುಕಿದ್ದಳು.  ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ.

ಹೋದ ತಿಂಗಳು ಹೊಸ ಸ್ವಯಂಸೇವಕರಿಗೆ ಗಾಡಿ ತೋರಿಸುವುದಿತ್ತು. ಹೊಸದಾಗಿ ಸೇರಿದ ನರ್ಸ್ ಹುಡುಗಿ ತಗಡು ತಟ್ಟಿ ತಟ್ಟಿ ವಿವರಿಸುತ್ತಿದ್ದಳು. ಟೈಲರಮ್ಮ ಅಲ್ಲೇ ಹೊದಿಕೆ ಮಡಚುತ್ತಿದ್ದಳು. “ಸಾಕು ನಿಲ್ಸಮ್ಮ!” ಎಂದು ನಾನು ಕಿರುಚುವಷ್ಟರಲ್ಲಿ ಹುಡುಗಿ ಮೂರು ಸಲ ತಟ್ಟಿ, ಅರ್ಥವನ್ನೂ ಹೇಳಿಯಾಗಿತ್ತು.

ಎಲ್ಲರೂ ಹೋದ ಮೇಲೆ ಟೈಲರಮ್ಮ ನನ್ನ ಹತ್ತಿರ ಬಂದಳು.

“ಸೇತುವೆ ಮೇಲೆ, ಅಲ್ವಾ ಅಣ್ಣ?”

“ಹೂಂ ಕಣಮ್ಮ.”

“ಹಾಗಾದ್ರೆ ಆಮೇಲೆ ನಾನು ಮಾತಾಡಿದ್ದು ಯಾರ ಹತ್ರ?”

“ನಾನು ಕೇಳಿಸ್ಕೊಂಡೆ. ನೀನು ಇನ್ನೆರಡು ತಿರುವು ಅಂದೆ. ಹೊಸ ಫ್ರಾಕಿಗೆ ಜೇಬು ಇಡ್ತೀನಿ ಅಂದೆ.” ಥೂ, ಅದೂ ಒಂದು ಉತ್ತರವೇ? ಬೇರೆ ಹೊಳೆಯಲಿಲ್ಲ. “ನಿನ್ನ ಮುಖ ನೋಡಿ ಸೈರನ್ ನಿಲ್ಸೋಕೆ ಮನಸ್ಸಾಗ್ಲಿಲ್ಲಮ್ಮ.”

ಅವಳು ಗಾಡಿಯ ಮೆಟ್ಟಿಲ ಮೇಲೆ ಕೂತಳು.

“ಗಾಡಿ ನಿಲ್ಸಿದ್ರೆ ಹಿಂದೆ ಹೋಗಿ ಎತ್ಕೊಳ್ತಿದ್ನಲ್ಲಣ್ಣ. ಆಸ್ಪತ್ರೆಯವರು ಒಂದು ಗಂಟೆ ಆದ್ಮೇಲೆ ಕೈಗೆ ಕೊಟ್ರು. ಆಗ್ಲೇ ತಣ್ಣಗಾಗಿದ್ಲು. ಸೇತುವೆ ಹತ್ರ ಇನ್ನೂ ಬೆಚ್ಚಗಿರ್ತಿದ್ಲು.”

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಉಪಕಾರ ಮಾಡಿದೆ ಅಂದುಕೊಂಡಿದ್ದೆ, ಪಾಪಿ ನಾನು. ಅವಳು ಕೂತಲ್ಲೇ ಅಳುತ್ತಿದ್ದಳು, ನಾನು ನಿಂತಲ್ಲೇ ಅಳುತ್ತಿದ್ದೆ. ಮರುದಿನದಿಂದ ಅವಳು ಸಂಸ್ಥೆಗೆ ಬರಲಿಲ್ಲ.

ಮೊನ್ನೆ ಮಧ್ಯಾಹ್ನ ಮತ್ತೆ ಮೂರು ಸಲ ತಟ್ಟಿದರು. ಸೈರನ್ ನಿಲ್ಲಿಸಿ ಗಾಡಿಯನ್ನು ಆ ಕಿರಿದಾದ ರಸ್ತೆಯ ಬದಿಗೆ ಹಾಕಿದೆ. ಪಕ್ಕದಲ್ಲಿದ್ದ ತಂದೆ ಬೆಚ್ಚಿ ನನ್ನ ಮುಖ ನೋಡಿದ. ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದೆ. “ಬಾಪ್ಪಾ, ಮಗೂನ ಎತ್ಕೋ” ಅಂದೆ. ನರ್ಸಕ್ಕ ಮಗುವನ್ನು ಟೈಲರಮ್ಮನ ಹೊದಿಕೆಯ ಸಮೇತ ಅವನ ಕೈಗಿಟ್ಟರು. ಹಿಂದೆ ಸಿಕ್ಕಿಕೊಂಡ ಕಾರಿನವನೊಬ್ಬ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ನಾನು ಅವನಿಗೆ ಬೈಯಲಿಲ್ಲ.