ಮರುಳಸಿದ್ದಮ್ಮ ಕೊಂಪಿರಾ ಹತ್ತಿದ್ದು

ಮರುಳಸಿದ್ದಮ್ಮನ ತವರು ಕಮಲಾಪುರ, ಕೊಟ್ಟ ಮನೆ ಹೊಸಪೇಟೆ. ಅರವತ್ತು ವರ್ಷ ಅಲ್ಲೇ ಓಡಾಡಿದರೂ ಅವಳು ಹಂಪಿಯ ಮಾತಂಗ ಬೆಟ್ಟವನ್ನು ಒಮ್ಮೆಯೂ ಹತ್ತಿರಲಿಲ್ಲ. ಮನೆಗೆ ಬಂದ ನೆಂಟರಿಗೆಲ್ಲ ಹಂಪಿ ತೋರಿಸಲು ಹೋಗುತ್ತಿದ್ದವಳು ಅವಳೇ, ನಸುಕಿನಲ್ಲೆದ್ದು ಬುತ್ತಿ ಕಟ್ಟುತ್ತಿದ್ದವಳೂ ಅವಳೇ. ಆದರೆ ಬೆಟ್ಟದ ಬುಡ ಮುಟ್ಟಿದ ಕೂಡಲೇ ಯಾರಾದರೊಬ್ಬರು, "ನೀ ಇಲ್ಲೇ ಚೀಲ ನೋಡ್ಕೊಂಡು ಕುಂತಿರು," ಎನ್ನುತ್ತಿದ್ದರು. ಅವಳು ಕೂರುತ್ತಿದ್ದಳು. ಅಂಜನಾದ್ರಿಯಲ್ಲೂ ಹಾಗೆಯೇ ಆಯಿತು, ಶ್ರೀಶೈಲದಲ್ಲೂ ಹಾಗೆಯೇ. ಯಾರೂ ಅವಳನ್ನು ಗದರಿಸಿ ಕೂರಿಸಿದ್ದಲ್ಲ. ಅವಳು ಕೂರುತ್ತಾಳೆ ಎಂಬುದು ಎಲ್ಲರಿಗೂ ರೂಢಿಯಾಗಿತ್ತು, ಅಷ್ಟೇ. ಇತ್ತೀಚೆಗೆ ಬಲ ಮೊಣಕಾಲಿನ ನೋವೂ ಸೇರಿಕೊಂಡು, ಕೂರಿಸುವವರಿಗೆ ಒಂದು ಕಾರಣವೂ ಸಿಕ್ಕಿತ್ತು.

ಗಂಡ ತೋಟಪ್ಪನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಹೋದ ವರ್ಷ ಅದನ್ನು ಮಗನ ಕೈಗೆ ಒಪ್ಪಿಸಿದ ಮೇಲೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಅವನ ತಮ್ಮ ಹಾಲೇಶ್ ಒಂದು ದಿನ ಬಂದು, ಹೊಸಪೇಟೆಯ ಟ್ರಾವೆಲ್ಸ್‌ನ ಬಸವಕುಮಾರ್ ಜಪಾನಿನ ಹಡಗು ಪ್ರವಾಸಕ್ಕೆ ಒಂದು ತಂಡ ಕಟ್ಟುತ್ತಿದ್ದಾನೆಂದು ಹೇಳಿದ. ಯೋಕೊಹಾಮಾದಲ್ಲಿ ಹಡಗು ಹತ್ತಿದರೆ ಸಾಕು, ಒಂದೊಂದು ದಿನ ಒಂದೊಂದು ಬಂದರು, ಇಳಿದಲ್ಲೆಲ್ಲ ಬಸ್ಸು ಮತ್ತು ಗೈಡು. ಹಾಲೇಶನ ಹೆಂಡತಿ ಸೌಜನ್ಯ ಮೊಬೈಲಿನಲ್ಲಿ ಆ ಊರುಗಳ ಚಿತ್ರಗಳನ್ನು ತೋರಿಸುತ್ತಾ ಹೋದಳು. ಅದರಲ್ಲೊಂದು ಚಿತ್ರದಲ್ಲಿ ಕಾಡಿನ ನಡುವೆ ಕಲ್ಲಿನ ಮೆಟ್ಟಿಲುಗಳು ಕಣ್ಣು ಹೋಗುವವರೆಗೂ ಏರಿದ್ದವು.

"ಇದು ಯಾವ್ದವ್ವ?" ಎಂದಳು ಮರುಳಸಿದ್ದಮ್ಮ.

"ಕೊಂಪಿರಾ ಅಂತ ಅಕ್ಕಾ. ಗುಡ್ಡದ ಮ್ಯಾಲೆ ಗುಡಿ. ತಕಾಮಾತ್ಸು ಅನ್ನೋ ಊರಾಗ ಇಳಿದು ಹೋಗೋದು. ನೀವು ಕೆಳಗ ಚಾ ಕುಡ್ಕೊಂಡು ಕುಂದ್ರಬಹುದು ಬಿಡ್ರಿ."

ಮರುಳಸಿದ್ದಮ್ಮ ಮರುದಿನ ಬೆಳಿಗ್ಗೆಯಿಂದ ಕಾಲುವೆ ದಂಡೆಯ ಮೇಲೆ ನಡೆಯತೊಡಗಿದಳು. ಕೇಳಿದವರಿಗೆ, ಸಕ್ಕರೆ ಕಾಯಿಲೆ ಬರಬಾರದಲ್ಲ ಎಂದಳು. ಮೊಣಕಾಲಿನ ಡಾಕ್ಟರ ಹತ್ತಿರ ಒಬ್ಬಳೇ ಹೋಗಿ, ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ ಎಂಬುದನ್ನು ಕಲಿತುಕೊಂಡು ಬಂದಳು. ಮನೆಯಲ್ಲಿ ಯಾರೂ ಇಲ್ಲದಾಗ ಮಾಳಿಗೆಯ ಮೆಟ್ಟಿಲುಗಳನ್ನು ಹಾಗೆಯೇ ಹತ್ತಿ ಇಳಿದಳು.

ಹಡಗು ತಕಾಮಾತ್ಸು ಸೇರಿದ ದಿನ ಬಿಸಿಲು ಹದವಾಗಿತ್ತು. ಬಂದರಿನಲ್ಲಿ ಗೈಡು ಹಮಾದಾ ಕಾಯುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿದ್ದ ಸಣ್ಣ ಆಕಾರದ ಹೆಂಗಸು, ಕೈಯಲ್ಲೊಂದು ಹಳದಿ ಬಾವುಟ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಬಸವಕುಮಾರ್ ಕನ್ನಡಕ್ಕೆ ತಿರುಗಿಸುತ್ತಿದ್ದ. ಮೊದಲು ಒಂದು ದೊಡ್ಡ ತೋಟಕ್ಕೆ ಕರೆದೊಯ್ದರು. ಮನೆಯ ಮಕ್ಕಳಂತೆ ಜತನ ಮಾಡಿ ಬಾಗಿಸಿ ಬೆಳೆಸಿದ ಪೈನ್ ಮರಗಳು, ಕೊಳಗಳು, ಮರದ ಸೇತುವೆಗಳು. ಉಳಿದವರು ತೋಟವನ್ನೆಲ್ಲ ಸುತ್ತಿ ಬಂದರೆ ಮರುಳಸಿದ್ದಮ್ಮ ಕೊಳದ ಬದಿಯ ಬೆಂಚಿನಲ್ಲೇ ಕುಳಿತು ಮೀನು ನೋಡಿದಳು. ಅವಳು ಕಾಲನ್ನು ಉಳಿಸಿಕೊಳ್ಳುತ್ತಿದ್ದಳು. ಮಧ್ಯಾಹ್ನ ಊರಿನ ಹೆಸರಾಂತ ದಪ್ಪ ಶಾವಿಗೆಯ ಊಟ. ಸಾರಿಗೆ ಮೀನು ಹಾಕಿರುತ್ತಾರೆಂದು ಗೊತ್ತಾದದ್ದರಿಂದ ಅವಳು ಬರೇ ಶಾವಿಗೆಗೆ ತನ್ನ ಶೇಂಗಾ ಚಟ್ನಿಪುಡಿ ಕಲಸಿಕೊಂಡಳು. ಜೊತೆಗೆ ಎರಡು ಕಟಿ ರೊಟ್ಟಿ. ಹಮಾದಾಳಿಗೂ ಒಂದು ತುಂಡು ಕೊಟ್ಟಳು. ಅವಳು ಕಟುಂ ಎಂದು ಕಡಿದು, ಕಣ್ಣರಳಿಸಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಕೊಂಪಿರಾ ಗುಡ್ಡದ ಬುಡದಲ್ಲಿ ಅಂಗಡಿಸಾಲು. ಒಂದು ಅಂಗಡಿಯವರು ಹತ್ತುವವರಿಗೆಲ್ಲ ಬಿದಿರುಕೋಲು ಕೊಡುತ್ತಿದ್ದರು. ಹಮಾದಾ ಹೇಳಿದ್ದನ್ನು ಬಸವಕುಮಾರ್ ಕೂಗಿ ಹೇಳಿದ: "ಈ ದೇವ್ರು ಹಡಗಿನವ್ರನ್ನ ಕಾಯೋ ದೇವ್ರಂತ. ಗುಡಿ ಮಟ ಏಳ್ನೂರಕ್ಕೂ ಮಿಕ್ಕಿ ಮೆಟ್ಲು ಅದಾವು. ಮೂರೂವರೆಗೆ ಬಸ್ ಬಿಡ್ತೈತಿ. ಆಗದವ್ರು ನಡುವಿನ ದೊಡ್ಡ ಬಾಗ್ಲಿಂದನ ವಾಪಸ್ ಬಂದುಬಿಡ್ರಿ."

ಚಹಾ ಅಂಗಡಿಯ ಮುಂದಿನ ಬೆಂಚಿನ ಮೇಲೆ ಮರುಳಸಿದ್ದಮ್ಮ ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದಳು. ತಲೆ ಎತ್ತುವಷ್ಟರಲ್ಲಿ ಬದಿಯಲ್ಲಿ ಸೌಜನ್ಯಳ ಚೀಲ, ಹಾಲೇಶನ ಜಾಕೆಟ್ಟು, ತೋಟಪ್ಪನ ಕೈಚೀಲ ಬಂದು ಕೂತಿದ್ದವು.

"ಅಕ್ಕಾ, ಹೆಂಗೂ ನೀವು ಇಲ್ಲೇ ಇರ್ತೀರಲ್ಲ," ಎಂದಳು ಸೌಜನ್ಯ.

ಮರುಳಸಿದ್ದಮ್ಮ ಎದ್ದು ನಿಂತಳು. "ಇಲ್ಲವ್ವ. ನಾನೂ ಹತ್ತೋದೈತಿ. ನಿಮ್ಮ ನಿಮ್ಮ ಚೀಲ ನೀವು ಹೆಗಲಿಗೆ ಹಾಕ್ಕೋರಿ."

"ಏನ್ ಹುಚ್ಚು ಹಿಡದೈತೇನ್ ನಿನಗ?" ತೋಟಪ್ಪ ಹತ್ತಿರ ಬಂದ. "ಮೊಣಕಾಲು ಹೋದ್ರ ಪರದೇಶದಾಗ ಯಾರು ನೋಡ್ತಾರ?"

"ಮೊಣಕಾಲು ನಂದೈತಿ ಅಲ್ರಿ? ನಾ ನೋಡ್ಕೊಂತೀನಿ."

ಹೇಳಿದವಳೇ ಬಿದಿರುಕೋಲು ಹಿಡಿದು ಮೊದಲ ಮೆಟ್ಟಿಲಿಗೆ ಎಡಗಾಲಿಟ್ಟಳು. ಹಾಲೇಶ್ ಮತ್ತು ಸೌಜನ್ಯ ದಡದಡ ಮುಂದೆ ಹೋದರು. ತೋಟಪ್ಪ ಗೊಣಗುತ್ತಾ ಹಿಂದೆ ಬಂದ, ಅವನ ಹಿಂದೆ ಬಸವಕುಮಾರ್ ಮತ್ತು ಹಮಾದಾ. ಎರಡೂ ಬದಿಗೆ ಅಂಗಡಿಗಳು, ಅವುಗಳ ಮುಂದೆ ಕೂತ ಮುದುಕಿಯರು. ಕೋಲೂರುವುದು, ಎಡಗಾಲು, ಬಲಗಾಲು, ಮತ್ತೆ ಕೋಲು. ಅವಳು ಮೇಲೆ ನೋಡಲಿಲ್ಲ, ಮುಂದಿನ ಮೆಟ್ಟಿಲನ್ನು ಮಾತ್ರ ನೋಡಿದಳು. ದೊಡ್ಡ ಬಾಗಿಲು ದಾಟಿದಾಗ ಬಿಳಿ ಕೊಡೆಗಳ ಕೆಳಗೆ ಹೆಂಗಸರು ಹಳದಿ ಮಿಠಾಯಿ ಮಾರುತ್ತಿದ್ದರು. ಒಬ್ಬಳು ಪುಟ್ಟ ಸುತ್ತಿಗೆಯಿಂದ ಕುಟ್ಟಿ ಒಂದು ಚೂರು ಕೊಟ್ಟಳು. ಬೆಲ್ಲದಷ್ಟು ಸಿಹಿಯಿರಲಿಲ್ಲ, ಆದರೆ ಬಾಯಾರಿಕೆಗೆ ಒದಗಿತು.

ಇನ್ನಷ್ಟು ಮೇಲೆ, ದೇವರ ಕುದುರೆಗಳ ಲಾಯದ ಬಳಿ ತೋಟಪ್ಪ ಕಲ್ಲಿನ ಕಟ್ಟೆಯ ಮೇಲೆ ಕುಸಿದು ಕುಳಿತ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಎದಿ ನೋಯ್ತೈತೇನ್ರಿ?" ಅವಳು ಗಾಬರಿಯಿಂದ ಕೇಳಿದಳು.

"ಎದಿ ಅಲ್ಲ, ತೊಡಿ. ಸಾಕಿನ್ನ. ಇಲ್ಲೀತನ ಬಂದದ್ದ ದೊಡ್ಡದು. ಬಾ, ನನ್ನ ಜೋಡಿ ಕುಂದ್ರು."

ಅವಳು ಕುಳಿತಳು. ಅವನಿಗೆ ನೀರು ಕೊಟ್ಟಳು, ಬಾಳೆಹಣ್ಣು ಸುಲಿದು ಕೊಟ್ಟಳು. ಅವನ ಉಸಿರು ಹದಕ್ಕೆ ಬರುವವರೆಗೂ ನೋಡಿದಳು. ಲಾಯದೊಳಗಿನ ಬಿಳಿ ಕುದುರೆ ಇಬ್ಬರನ್ನೂ ನೋಡಿ ಮುಖ ತಿರುಗಿಸಿತು. ನೆರಳು ತಂಪಾಗಿತ್ತು. ಮೊಣಕಾಲಿಗೆ ಹಾಯೆನಿಸಿತು. ಹೀಗೇ ಕೂತುಬಿಡುವುದು ಎಷ್ಟು ಸಲೀಸು ಎಂದು ಅವಳಿಗೆ ಅನ್ನಿಸಿತು. ಕೆಳಗೆ ಹೋದ ಮೇಲೆ, ಗಂಡನ ಜೊತೆ ಕೂತೆ ಎಂದರೆ ಯಾರೂ ಏನೂ ಅನ್ನುವುದಿಲ್ಲ, ಹೊಗಳಲೂಬಹುದು. ಆ ಯೋಚನೆ ಬಂದದ್ದೇ ತಡ, ಅವಳು ಕೋಲೂರಿ ಎದ್ದಳು.

"ಹೋಗಿ ಬರ್ತೀನ್ರಿ."

"ನಾ ಒಬ್ಬನ ಇರ್ಲೇನು?"

"ಬಸವಕುಮಾರ್ ಇರ್ತಾನ. ಕುದುರಿ ಅದಾವು."

ಬಸವಕುಮಾರ್ ಗಡಿಯಾರ ತೋರಿಸಿದ. "ಅಮ್ಮಾರ, ಮುಂದಿಂದು ಭಾಳ ಕಡಿದಾದ ಏರು ಅಂತಾರ. ಹೊತ್ತೂ ಇಲ್ಲ." ಆಮೇಲೆ ಹಮಾದಾಳಿಗೆ ಏನೋ ಹೇಳಿದ. ಹಮಾದಾ ಮರುಳಸಿದ್ದಮ್ಮನ ಮುಖವನ್ನೊಮ್ಮೆ ನೋಡಿದಳು. ಬಾವುಟವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ನಡಿ ಎನ್ನುವಂತೆ ಕೈ ಮಾಡಿದಳು.

ಹಮಾದಾ ಅವಳ ಕೈ ಹಿಡಿಯಲಿಲ್ಲ. ಒಂದು ಮೆಟ್ಟಿಲು ಕೆಳಗೆ, ಅವಳ ಬೆನ್ನ ಹಿಂದೆಯೇ ಬಂದಳು. ಕೊನೆಯ ಏರು ಗೋಡೆಯ ಹಾಗೆ ನಿಂತಿತ್ತು. ಅರ್ಧಕ್ಕೆ ಬಂದಾಗ ಮೊಣಕಾಲಿನಲ್ಲಿ ಮುಳ್ಳು ಮುರಿದಂತಾಗಿ ಮರುಳಸಿದ್ದಮ್ಮ ಕಂಬಿ ಹಿಡಿದು ನಿಂತುಬಿಟ್ಟಳು. ಅಷ್ಟರಲ್ಲಿ ಮೇಲಿನಿಂದ ಹಾಲೇಶ್, ಸೌಜನ್ಯ ಇಳಿದು ಬಂದರು.

"ಅಕ್ಕಾ, ಟೈಮ್ ಆತು, ಬರ್ರಿ. ಮ್ಯಾಲೆ ಏನಿಲ್ಲ, ಬರೇ ಗುಡಿ. ಮಸ್ತ್ ಫೋಟೋ ತೆಗ್ದೀನಿ, ಬಸ್ಸಿನ್ಯಾಗ ತೋರಿಸ್ತೀನಿ."

"ನಿನ್ನ ಫೋಟೋ ಆಮ್ಯಾಲೆ ನೋಡ್ತೀನವ್ವ. ಈಗ ದಾರಿ ಬಿಡು."

ಸೌಜನ್ಯ ಬದಿಗೆ ಸರಿದಳು. ಹಿಂದಿನಿಂದ ಹಮಾದಾ ಮೆಲ್ಲಗೆ ಜಪಾನಿಯಲ್ಲೇ ಏನೋ ಅಂದಳು. "ಬಂದೆ, ತಡೀರಿ, ಬಂದೆ," ಎಂದು ಮರುಳಸಿದ್ದಮ್ಮ ಕನ್ನಡದಲ್ಲೇ ಉತ್ತರ ಕೊಟ್ಟು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ ನಿಂತು, ಉಸಿರು ತೆಗೆದುಕೊಂಡು, ಮತ್ತೊಂದಕ್ಕೆ ಏರಿದಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮೆಟ್ಟಿಲು ಮುಗಿದುವು.

ಎದುರಿಗೆ ಬಣ್ಣ ಬಳಿಯದ ಕಪ್ಪು ಮರದ ಗುಡಿ, ದಪ್ಪನೆಯ, ಬಾಗಿದ ಸೂರು. ಹಮಾದಾ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ ಮತ್ತೆ ಬಾಗಿದಳು. ಮರುಳಸಿದ್ದಮ್ಮ ಕೊರಳ ಲಿಂಗವನ್ನು ಮುಟ್ಟಿಕೊಂಡು ತನ್ನ ರೀತಿಯಲ್ಲಿ ಕೈ ಮುಗಿದಳು. ನಂತರ ಕಟ್ಟೆಯಂಚಿಗೆ ಬಂದಳು. ಕೆಳಗೆ ಬಯಲು ಬಿಚ್ಚಿಕೊಂಡಿತ್ತು. ಯಾರೋ ತಂದಿಟ್ಟಂತೆ ಅಲ್ಲೊಂದು ಇಲ್ಲೊಂದು ದುಂಡನೆಯ ಗುಡ್ಡ, ಹಳದಿಗೆ ತಿರುಗಿದ ಗೋಧಿ ಹೊಲ, ದೂರದಲ್ಲಿ ಸಮುದ್ರ. ನಡುನಡುವೆ ಎಲ್ಲಿ ನೋಡಿದರೂ ಮಿಂಚುವ ನೀರು.

"ಕೆರಿ!" ಎಂದಳು ಅವಳು ಬೆರಳು ಮಾಡಿ.

"ಇಕೆ," ಎಂದು ಹಮಾದಾ ಜಪಾನಿಯಲ್ಲಿ ಕೆರೆಯ ಹೆಸರು ಹೇಳಿದಳು. ಆಕಾಶ ತೋರಿಸಿ, ಮಳೆ ಕಡಿಮೆ ಎನ್ನುವಂತೆ ಬೆರಳುಗಳನ್ನು ಕಿರಿದು ಮಾಡಿದಳು.

"ನಮ್ಮ ಕಡೆನೂ ಹಂಗ," ಎಂದಳು ಮರುಳಸಿದ್ದಮ್ಮ. ಅವಳಿಗೆ ಎಲ್ಲ ದಿಕ್ಕಿನಿಂದಲೂ ನೋಡಬೇಕೆಂಬ ಆಸೆಯಾಯಿತು. ಈ ಮೂಲೆಯಿಂದ ನೋಡಿದಳು, ಕುಂಟುತ್ತಾ ಹೋಗಿ ಆ ಮೂಲೆಯಿಂದ ನೋಡಿದಳು. ಹಮಾದಾ ಫೋನಿನಲ್ಲಿ ಡ್ರೈವರನಿಗೆ ಏನೋ ವಿನಂತಿಸಿ, ಎರಡನೆಯ ಸಲ ತೋಳು ಮುಟ್ಟಿದಾಗಲೇ ಅವಳು ತಿರುಗಿದ್ದು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಲಾಯದ ಬಳಿ ತೋಟಪ್ಪ ಇನ್ನೂ ಅಲ್ಲೇ ಇದ್ದ. ಬಸವಕುಮಾರ್ ಎಷ್ಟು ಕರೆದರೂ ಕೆಳಗೆ ಹೋಗಿರಲಿಲ್ಲವಂತೆ. ಅವನ ಮುಖ ಸಿಟ್ಟಿನಿಂದ ಬಿಗಿದಿತ್ತು. ಅವಳು ಹೆಜ್ಜೆಯಿಡುವ ರೀತಿ ನೋಡಿ ಒಂದು ಮೆಟ್ಟಿಲು ಮುಂದೆ ಹೋಗಿ ನಿಂತು, "ಹೆಗಲ ಮ್ಯಾಲೆ ಕೈ ಇಡು," ಎಂದ. ಹಾಗೆಯೇ ಇಬ್ಬರೂ ಬುಡದವರೆಗೆ ಇಳಿದರು.

ಬಸ್ಸಿನಲ್ಲಿ ಎಲ್ಲರೂ ಕಾದು ಕುಳಿತಿದ್ದರು. ಮರುಳಸಿದ್ದಮ್ಮ ಬಾಗಿಲ ಬಳಿ ನಿಂತು, "ನನ್ನಿಂದ ತಡ ಆತು, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದಳು. ಮುಂದಿನ ಸಾಲಿನಲ್ಲಿದ್ದ ಸಂಡೂರಿನವರೊಬ್ಬರು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತೋ ಎಂದು ಗೊಣಗಿದರು. ಅದು ಅವಳಿಗೆ ಕೇಳಿಸಿತು. ಕೇಳಿಸಿಕೊಂಡು ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಮರುದಿನ ಮೊಣಕಾಲು ಊದಿಕೊಂಡು ಅವಳಿಗೆ ಮಂಚದಿಂದ ಕಾಲು ಕೆಳಗಿಡಲಾಗಲಿಲ್ಲ. ಹಡಗು ಬೇರೊಂದು ಬಂದರಿನಲ್ಲಿ ನಿಂತಿತ್ತು. ಎಲ್ಲರೂ ಇಳಿದು ಹೋದರು. ನೀವೂ ಹೋಗಿ ಬರ್ರಿ ಎಂದು ಅವಳೆಷ್ಟು ಹೇಳಿದರೂ ತೋಟಪ್ಪ ಹೋಗಲಿಲ್ಲ. ಎಲ್ಲಿಂದಲೋ ಐಸು ತಂದು, ಟವೆಲ್ಲಿನಲ್ಲಿ ಸುತ್ತಿ, ಅವಳ ಮೊಣಕಾಲಿನ ಮೇಲೆ ಒತ್ತಿ ಹಿಡಿದು ಕುಳಿತ.

"ಮ್ಯಾಲೆ ಏನಿತ್ತು?" ಎಂದು ಕೊನೆಗೆ ಕೇಳಿದ.

ಅವಳು ಹೇಳತೊಡಗಿದಳು. ಗುಡಿಯ ಸೂರು, ಬಯಲು, ಕೆರೆಗಳು, ಹಮಾದಾ ಬಾಗಿದ ರೀತಿ. ಗೋಧಿ ಎಂದ ಕೂಡಲೇ ಅವನು ತಲೆ ಎತ್ತಿದ.

"ಕೊಯ್ಲಿಗೆ ಬಂದಿತ್ತೇನು?"

"ಇನ್ನೊಂದು ವಾರ ಬೇಕಾಗಬಹುದು. ತುದಿ ಇನ್ನೂ ಹಸರಿತ್ತು."

"ನೀರಿನ ಗೋಧಿನೋ, ಮಳಿ ಗೋಧಿನೋ?"

"ಅದು ಅಷ್ಟು ಮ್ಯಾಲಿಂದ ಹೆಂಗ ಗೊತ್ತಾಗ್ತೈತ್ರಿ? ಕೇಳ್ರಿ ಪೂರಾ," ಎಂದು ಅವಳು ದಿಂಬಿಗೆ ಒರಗಿ, ದೊಡ್ಡ ಬಾಗಿಲಿನಿಂದ ಮತ್ತೆ ಮೊದಲು ಮಾಡಿದಳು.